ಕಮಲ ಬರೆದರೆ ತೆರೆಯುವ ಬಟನ್, ಕಮಲವ್ವ ಬರೆದರೆ ಯಾಕೆ ಮುಚ್ಚುತ್ತದೆ?

ಪ್ರಶ್ನೆ: ಸರ್, ನಾನು ಗದಗಿನಲ್ಲಿ ಬಿಸಿಎ ಓದಿ, ಮದುವೆಯಾಗಿ ಬ್ಯಾಡಗಿಗೆ ಬಂದವಳು. ಮಾವನವರದು ಒಣ ಮೆಣಸಿನಕಾಯಿ ದಲಾಲಿ ಅಂಗಡಿ. ವಹಿಯಲ್ಲಿ ಬರೆಯುತ್ತಿದ್ದ ಲಾಟಿನ ಲೆಕ್ಕಕ್ಕೆ ನಾನೇ ಒಂದು ಸಣ್ಣ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ರೈತರ ಹೆಸರು, ಮೊಬೈಲ್ ನಂಬರ್, ಚೀಲ ಎಷ್ಟು, ತೂಕ ಎಷ್ಟು, ಕೊನೆಗೆ ತಳಿಯ ಪಟ್ಟಿ: ಡಬ್ಬಿ, ಕಡ್ಡಿ, ಗುಂಟೂರು. ಐದೂ ಖಾನೆ ಸರಿಯಾಗಿ ತುಂಬಿದರೆ ಮಾತ್ರ ‘ಉಳಿಸಿ’ ಬಟನ್ ಹಸಿರಾಗುತ್ತದೆ. ಅಲ್ಲಿಯವರೆಗೆ ಬೂದು ಬಣ್ಣದಲ್ಲಿ ಬಂದ್ ಇರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಹೆಸರು ಹೊಡೆದು ನೋಡಿದಾಗ ಎಲ್ಲ ಸರಿ ಇತ್ತು. ಅಂಗಡಿಯ ಗುಮಾಸ್ತರು ಮೊಬೈಲಿನಲ್ಲಿ ಕನ್ನಡದಲ್ಲೇ ಬರೆಯುತ್ತಾರೆ. “ಅಕ್ಕಾರ, ಇದು ಒತ್ತಾಕ ಬರವಲ್ದು” ಅಂತ ದಿನಕ್ಕೆ ಹತ್ತು ಸಲ ಕರೆಯುತ್ತಾರೆ. ಕಮಲ ಅಂತ ಬರೆದರೆ ಬಟನ್ ತೆರೆಯುತ್ತದೆ, ಕಮಲವ್ವ ಅಂತ ಬರೆದರೆ ಇಲ್ಲ. ಕೆಲವು ಸಲ ಎಲ್ಲ ಸರಿಯಾಗಿ ತುಂಬಿದರೂ ತೆರೆಯುವುದಿಲ್ಲ. ತೂಕದ ಕೊನೆಯ ಅಂಕೆ ಅಳಿಸಿ ಮತ್ತೆ ಹೊಡೆದರೆ ತೆರೆಯುತ್ತದೆ. ಗದ್ದಲದ ದಿನ ಒಂದೇ ಲಾಟ್ ಎರಡೆರಡು ಸಲ ಸೇರಿಕೊಂಡಿರುತ್ತದೆ. ‘ರಿಯಾಕ್ಟ್‌ನಲ್ಲಿ ಬರೆ, ಎಲ್ಲ ಸರಿಹೋಗುತ್ತೆ’ ಅನ್ನುತ್ತಾಳೆ ಗೆಳತಿ (ರಿಯಾಕ್ಟ್ ಅಂದರೆ ವೆಬ್ ಪುಟ ಕಟ್ಟುವ ಒಂದು ಜಾವಾಸ್ಕ್ರಿಪ್ಟ್ ಸಲಕರಣೆ). ಬಟನ್ನೇ ಬಂದ್ ಇರುವಾಗ ತಪ್ಪು ಲೆಕ್ಕ ಒಳಗೆ ಬರುವುದು ಹೇಗೆ, ಸರ್ವರಿನಲ್ಲಿ ಮತ್ತೆ ಪರೀಕ್ಷೆ ಯಾಕೆ ಅನ್ನುತ್ತಾನೆ ಮೈದುನ. ನಾನು ಎಲ್ಲಿ ತಪ್ಪಿದ್ದೇನೆ? ಕೋಡ್ ಜತೆಗಿಟ್ಟಿದ್ದೇನೆ.

ಉತ್ತರ: ಕಮಲ ಮತ್ತು ಕಮಲವ್ವ ಅಂತ ಎರಡು ಹೆಸರು ಬರೆದಿರಲ್ಲ, ಅದಕ್ಕೆ ಮೊದಲು ನಿಮಗೆ ಧನ್ಯವಾದ. ‘ಬಟನ್ ಕೆಲಸ ಮಾಡ್ತಿಲ್ಲ ಸರ್’ ಅಂತಷ್ಟೇ ಬರೆಯುವವರೇ ಜಾಸ್ತಿ. ನಿಮ್ಮ ಆ ಒಂದು ಸಾಲು ಓದಿದಾಗಲೇ ಅರ್ಧ ಉತ್ತರ ಗೊತ್ತಾಯಿತು. ಆಮೇಲೆ ಕೋಡ್ ತೆರೆದು ನೋಡಿದೆ, ಅಲ್ಲೇ ಇತ್ತು.

ನಿಮಗೆ ಇದು ಒಂದೇ ತೊಂದರೆ ಅನಿಸಿದೆ. ನನಗೆ ಮೂರು ಕಾಣುತ್ತಿವೆ. ಹೆಸರು ಸರಿಯೋ ತಪ್ಪೋ ಎಂದು ನೋಡುವ ನಿಯಮವೇ ತಪ್ಪಿದೆ. ಖಾನೆ ತುಂಬಿತೋ ಇಲ್ಲವೋ ಎಂದು ಕೇಳಿಸಿಕೊಳ್ಳುವ ಕಿವಿ ತಪ್ಪು ಕಡೆ ಇದೆ. ಇನ್ನು ಎರಡು ಸಲ ಸೇರುವುದಕ್ಕೂ ಬಟನ್ನಿನ ಬಣ್ಣಕ್ಕೂ ನಿಜವಾಗಿ ಸಂಬಂಧವೇ ಇಲ್ಲ. ಇವೆಲ್ಲದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ, ನೀವು ಕೇಳಿಲ್ಲ: ಆ ಬಟನ್ನನ್ನು ಬಂದ್ ಮಾಡಲೇಬೇಕಿತ್ತಾ?

ಮೊದಲು ಕಮಲವ್ವನ ವಿಷಯ. ನಿಮ್ಮ ಕೋಡಿನಲ್ಲಿ ಹೆಸರಿಗೆ ಒಂದು ನಿಯಮ ಇದೆ: ಇಂಗ್ಲಿಷಿನ ಎ ಇಂದ ಝಡ್, ಇಲ್ಲವೇ ಕನ್ನಡದ [ಅ-ಹ]. ನೋಡಲಿಕ್ಕೆ ಸರಿಯಾಗಿಯೇ ಇದೆ. ವರ್ಣಮಾಲೆ ಅ ಇಂದ ಶುರುವಾಗಿ ಹ ಆಸುಪಾಸಿಗೆ ಮುಗಿಯುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಕಂಪ್ಯೂಟರ್ ಅಕ್ಷರವನ್ನು ನಮ್ಮ ಹಾಗೆ ನೋಡುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ ಕ್ರಮದಲ್ಲಿ ನೋಡುತ್ತದೆ. ಯೂನಿಕೋಡ್‌ನಲ್ಲಿ ಅ ಇಂದ ಹ ವರೆಗೆ ಇರುವುದು ಸ್ವರಗಳು ಮತ್ತು ಒತ್ತು, ಗುಣಿತ ಏನೂ ಇಲ್ಲದ ಬರಿಯ ವ್ಯಂಜನಗಳು. ಕಾ, ಕಿ, ಕು ಎಂದು ಮಾಡುವ ಗುಣಿತದ ಚಿಹ್ನೆಗಳು ಹ ಆದ ಮೇಲೆ ಬರುತ್ತವೆ. ಒತ್ತಕ್ಷರ ಕಟ್ಟಲು ನಡುವೆ ಬರುವ ಹಲಂತದ ಚಿಹ್ನೆಯೂ ಹ ಆದ ಮೇಲೆಯೇ. ಅನುಸ್ವಾರ, ವಿಸರ್ಗ ಅ ಗಿಂತ ಮೊದಲೇ ಬಂದು ಕೂತಿವೆ.

ಈಗ ಲೆಕ್ಕ ಹಾಕಿ. ಕಮಲ ಅಂದರೆ ಕ, ಮ, ಲ. ಮೂರೂ ನಿಮ್ಮ ಬೇಲಿಯ ಒಳಗಿವೆ. ಕಮಲವ್ವ ಅಂದರೆ ಕ, ಮ, ಲ, ವ, ಹಲಂತ, ವ. ಹಲಂತ ಬೇಲಿಯ ಹೊರಗಿದೆ, ಬಟನ್ ಮುಚ್ಚಿತು. ಶಂಕರ ಬರೆದರೂ ಮುಚ್ಚುತ್ತದೆ, ಸೊನ್ನೆ ಹೊರಗಿದೆ. ಬಸವ ತೆರೆಯುತ್ತದೆ, ಬಸಣ್ಣ ತೆರೆಯುವುದಿಲ್ಲ. ನಮ್ಮ ಕಡೆ ಅಪ್ಪ, ಅವ್ವ, ಅಣ್ಣ, ಗೌಡ ಸೇರದ ಹೆಸರು ಎಷ್ಟು ಸಿಗುತ್ತವೆ ಹೇಳಿ? ಹಾವೇರಿ ಜಿಲ್ಲೆಯ ಮುಕ್ಕಾಲು ಪಾಲು ರೈತರನ್ನು ನಿಮ್ಮ ನಿಯಮ ಬಾಗಿಲಲ್ಲೇ ನಿಲ್ಲಿಸಿದೆ ಅಂದರೂ ನಡೆಯುತ್ತದೆ. ಗುಮಾಸ್ತರು ದಿನಕ್ಕೆ ಹತ್ತೇ ಸಲ ಕರೆಯುತ್ತಾರೆ ಅಂದರೆ ಉಳಿದ ಹೊತ್ತು ಅವರು ಹೆಸರನ್ನೇ ಮೊಟಕು ಮಾಡಿ ಬರೆಯುತ್ತಿದ್ದಾರೆ ಅನ್ನುವುದು ನನ್ನ ಗುಮಾನಿ. ಹಳೆಯ ದಾಖಲೆ ತೆಗೆದು ನೋಡಿ. ಕಮಲವ್ವ ಎಲ್ಲ ಕಮಲ ಆಗಿರಬಹುದು.

ಇದಕ್ಕೆ ಮದ್ದು ಎರಡು ಥರ. ನಿಯಮವನ್ನು ತಿದ್ದಬಹುದು. ಇಂಥ ಅಕ್ಷರದ ನಿಯಮ ಬರೆಯುವ ಜಾವಾಸ್ಕ್ರಿಪ್ಟಿನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಕೊನೆಗೆ ‘ಯು’ ಎಂಬ ಗುರುತು ಹಾಕಿದರೆ, ‘ಯಾವುದೇ ಭಾಷೆಯ ಅಕ್ಷರ’ ಎಂದು ಒಂದೇ ಗುರುತಿನಲ್ಲಿ ಹೇಳುವ ಸೌಲಭ್ಯ ಇದೆ. ಆದರೆ ಅದೊಂದೇ ಸಾಲದು. ಗುಣಿತ ಮತ್ತು ಹಲಂತ ಯೂನಿಕೋಡ್ ಲೆಕ್ಕದಲ್ಲಿ ‘ಅಕ್ಷರ’ ಅಲ್ಲ, ‘ಚಿಹ್ನೆ’. ಹಾಗಾಗಿ ಅಕ್ಷರ ಮತ್ತು ಚಿಹ್ನೆ ಎರಡನ್ನೂ ಬಿಟ್ಟುಕೊಳ್ಳಬೇಕು. ಜತೆಗೆ ಸ್ಪೇಸ್, ಚುಕ್ಕೆ, ಮತ್ತೆ ಒತ್ತು ಕೂಡದ ಹಾಗೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಅಕ್ಷರ ಕೂಡ. ‘ಎಸ್.ಬಿ.’ ಅಂತ ಇನಿಶಿಯಲ್ ಹಾಕಿದರೆ ಚುಕ್ಕೆ ಬಂದೇ ಬರುತ್ತದೆ.

ಎರಡನೆಯ ಮದ್ದು: ಹೆಸರಿಗೆ ನಿಯಮವೇ ಬೇಡ. ಹಿಂದೆ ಮುಂದೆ ಇರುವ ಸ್ಪೇಸ್ ತೆಗೆದ ಮೇಲೆ ಖಾಲಿ ಇಲ್ಲದಿದ್ದರೆ ಸಾಕು. ನಾನು ಇದನ್ನೇ ಮಾಡುತ್ತೇನೆ. ಹೆಸರು ಹೇಗಿರಬೇಕು ಅಂತ ಹೇಳಲಿಕ್ಕೆ ಪ್ರೋಗ್ರಾಮರ್ ಯಾರು? ಇದರಲ್ಲಿ ಅಪಾಯ ಅಂದರೆ ಯಾರಾದರೂ ‘123’ ಅಂತ ಹೆಸರು ಹೊಡೆದರೆ ಅದೂ ಸೇರುತ್ತದೆ. ನಿಮ್ಮದೇ ಅಂಗಡಿಯ ಗುಮಾಸ್ತರು ಯಾಕೆ ಹಾಗೆ ಮಾಡುತ್ತಾರೆ, ಅಲ್ವಾ?

ಸ್ಪೇಸ್ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಎಚ್‌ಟಿಎಂಎಲ್‌ನಲ್ಲಿ ಖಾನೆಗೆ ‘ರಿಕ್ವೈರ್ಡ್’ ಅಂತ ಹಾಕಿದರೆ ಬ್ರೌಸರ್ ತಾನೇ ನೋಡಿಕೊಳ್ಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ನೋಡುವುದು ಪೂರ್ತಿ ಖಾಲಿಯೋ ಎಂದಷ್ಟೇ. ನಾಲ್ಕು ಸ್ಪೇಸ್ ಹೊಡೆದರೂ ತುಂಬಿದೆ ಅಂದುಕೊಳ್ಳುತ್ತದೆ. ಜಾವಾಸ್ಕ್ರಿಪ್ಟಿನ ‘ಟ್ರಿಮ್’ ಕೂಡ ಸ್ಪೇಸನ್ನು ತೆಗೆಯುತ್ತದೆಯೇ ಹೊರತು, ನಾನು ಮೇಲೆ ಹೇಳಿದ ಆ ಕಾಣದ ಅಕ್ಷರವನ್ನು ತೆಗೆಯುವುದಿಲ್ಲ.

ಉದ್ದದ ಲೆಕ್ಕವೂ ಹೀಗೇ. ನೀವು ಹೆಸರಿಗೆ ‘ಮ್ಯಾಕ್ಸ್‌ಲೆಂತ್ 20’ ಹಾಕಿದ್ದೀರಿ, ಅಂದರೆ 20ಕ್ಕಿಂತ ಹೆಚ್ಚು ಅಕ್ಷರ ಬರೆಯಲಿಕ್ಕೆ ಬಿಡುವುದಿಲ್ಲ. ಬಸವಣ್ಣೆಪ್ಪ ಎನ್ನುವ ಹೆಸರು ನಮ್ಮ ಕಣ್ಣಿಗೆ ಐದಕ್ಷರ. ಬ್ರೌಸರಿಗೆ ಅದು 10. ಬ, ಸ, ವ, ಣ, ಹಲಂತ, ಣ, ಎ ಗುಣಿತ, ಪ, ಹಲಂತ, ಪ. ಅಪ್ಪನ ಹೆಸರು, ಅಡ್ಡಹೆಸರು ಸೇರಿಸಿದರೆ 20 ಎಲ್ಲಿ ಸಾಕಾಗುತ್ತದೆ? 100 ಮಾಡಿ.

ಅಂಕೆಗಳಲ್ಲೂ ಒಂದು ಗುಂಡಿ ಇದೆ. ಕನ್ನಡ ಕೀಬೋರ್ಡ್ ಇಟ್ಟುಕೊಂಡವರು ಕೆಲವು ಸಲ ೯೮ ಅಂತ ಕನ್ನಡ ಅಂಕೆ ಹೊಡೆಯುತ್ತಾರೆ. ಜಾವಾಸ್ಕ್ರಿಪ್ಟಿನಲ್ಲಿ ‘ಅಂಕೆ’ ಎಂದು ಬರೆಯುವ ಗುರುತು 0 ಯಿಂದ 9 ಮಾತ್ರ ಒಪ್ಪುತ್ತದೆ, ೦ ಯಿಂದ ೯ ಒಪ್ಪುವುದಿಲ್ಲ. ಕನ್ನಡ ಸೊನ್ನೆಯ ಯೂನಿಕೋಡ್ ಸಂಖ್ಯೆ 3302. ಪ್ರತಿ ಕನ್ನಡ ಅಂಕೆಯ ಸಂಖ್ಯೆಯಿಂದ 3302 ಕಳೆದರೆ ನಮಗೆ ಬೇಕಾದ ಅಂಕೆ ಸಿಗುತ್ತದೆ. ಮೂರು ಸಾಲಿನ ಕೆಲಸ. ಬೈಯುವ ಬದಲು ನೀವೇ ಬದಲಿಸಿಕೊಂಡುಬಿಡಿ. ತೂಕಕ್ಕೆ ‘1,250’ ಎಂದು ಅಲ್ಪವಿರಾಮ ಹಾಕಿದರೂ ಅಷ್ಟೇ, ತೆಗೆದು ಲೆಕ್ಕ ಹಾಕಿ. ಇದೆಲ್ಲ ನಡೆಯಬೇಕಾದರೆ ತೂಕದ ಖಾನೆಯ ಟೈಪ್ ‘ನಂಬರ್’ ಇರಬಾರದು. ಅದರಲ್ಲಿ ಬ್ರೌಸರಿಗೆ ಒಪ್ಪಿಗೆಯಾಗದ್ದು ಬಂದರೆ ನಿಮ್ಮ ಕೋಡಿಗೆ ಖಾನೆ ಖಾಲಿ ಅಂತ ಹೇಳುತ್ತದೆ. ಸಾದಾ ಟೆಕ್ಸ್ಟ್ ಇಟ್ಟು, ಮೊಬೈಲಿನಲ್ಲಿ ಅಂಕೆಯ ಕೀಬೋರ್ಡ್ ಬರುವಂತೆ ‘ಇನ್‌ಪುಟ್‌ಮೋಡ್’ ಹಾಕಿ. ಮೊಬೈಲ್ ನಂಬರಿಗೂ ಇದೇ ಮಾತು: ಟೈಪ್ ‘ಟೆಲ್’ ಇರಲಿ, 10 ಅಂಕೆ, ಮೊದಲನೆಯದು 6 ರಿಂದ 9. ಮುಂದೆ +91 ಇದ್ದರೆ ತೆಗೆದು ನೋಡಿ.

ಇನ್ನು ‘ಅಳಿಸಿ ಮತ್ತೆ ಹೊಡೆದರೆ ತೆರೆಯುತ್ತದೆ’ ಎನ್ನುವುದು. ನಿಮ್ಮ ಗುಮಾಸ್ತರು ಕಂಡುಹಿಡಿದ ಈ ಉಪಾಯ ನನಗೆ ಬಹಳ ಇಷ್ಟವಾಯಿತು. ಕೋಡ್ ಓದದೆ ಅವರು ಅದರ ಹುಳುಕನ್ನು ಸರಿಯಾಗಿ ಹಿಡಿದಿದ್ದಾರೆ. ನೀವು ಪರೀಕ್ಷೆಯನ್ನು ‘ಕೀಅಪ್’ಗೆ ಕಟ್ಟಿದ್ದೀರಿ, ಅಂದರೆ ಕೀ ಒತ್ತಿ ಬೆರಳು ಎತ್ತಿದಾಗ. ಅದೂ ನಾಲ್ಕು ಟೆಕ್ಸ್ಟ್ ಖಾನೆಗಳಿಗೆ ಮಾತ್ರ. ಕೊನೆಯದು ತಳಿಯ ಪಟ್ಟಿ. ಅದನ್ನು ಆರಿಸುವಾಗ ಆ ನಾಲ್ಕು ಖಾನೆಗಳಲ್ಲಿ ಯಾವ ಕೀಯೂ ಒತ್ತುವುದಿಲ್ಲ. ಹಾಗಾಗಿ ಐದೂ ತುಂಬಿದ ಸುದ್ದಿ ನಿಮ್ಮ ಕೋಡಿಗೆ ಮುಟ್ಟಿಯೇ ಇಲ್ಲ. ಗುಮಾಸ್ತರು ತೂಕದ ಅಂಕೆ ಅಳಿಸಿ ಹೊಡೆದಾಗ ಕೀಅಪ್ ಆಯಿತು, ಕೋಡ್ ಎಚ್ಚರವಾಗಿ ಐದೂ ಖಾನೆ ನೋಡಿತು, ಬಟನ್ ತೆರೆಯಿತು.

ಕೀಅಪ್ ಹಳೆಯ ಕಾಲದ ಅಭ್ಯಾಸ. ಬೆರಳಚ್ಚು ಯಂತ್ರದ ಹಾಗೆ ಒಂದು ಕೀಗೆ ಒಂದು ಅಕ್ಷರ ಬೀಳುತ್ತಿದ್ದಾಗ ಸರಿ ಇತ್ತು. ಈಗ ಮೊಬೈಲಿನಲ್ಲಿ ಕನ್ನಡ ಹೇಗೆ ಬರೆಯುತ್ತೇವೆ ನೋಡಿ. ಇಂಗ್ಲಿಷಿನಲ್ಲಿ ಹೊಡೆದು, ಮೇಲೆ ಬರುವ ಕನ್ನಡ ಪದವನ್ನು ಬೆರಳಿಂದ ಮುಟ್ಟುತ್ತೇವೆ. ಇಲ್ಲವೇ ಮೈಕ್ ಒತ್ತಿ ಬಾಯಲ್ಲಿ ಹೇಳುತ್ತೇವೆ. ವಾಟ್ಸಾಪಿನಿಂದ ನಂಬರ್ ತಂದು ಪೇಸ್ಟ್ ಮಾಡುತ್ತೇವೆ. ಬ್ರೌಸರ್ ತಾನೇ ಹಳೆಯ ಹೆಸರು ತುಂಬುತ್ತದೆ. ಇವುಗಳಲ್ಲೆಲ್ಲ ಕೀಅಪ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಯಾವ ಕೀ ಒತ್ತಿದರು ಎಂದು ಕೇಳಿದರೆ ಬಹಳ ಸಲ 229 ಎನ್ನುವ ಒಂದೇ ಸಂಖ್ಯೆ ಬರುತ್ತದೆ. ‘ಕೀಬೋರ್ಡ್ ಇನ್ನೂ ಪದ ಕಟ್ಟುತ್ತಿದೆ, ನನ್ನನ್ನು ಕೇಳಬೇಡ’ ಎಂದು ಅದರ ಅರ್ಥ.

ನೀವು ನೋಡಬೇಕಾದದ್ದು ಕೀಯನ್ನಲ್ಲ, ಖಾನೆಯಲ್ಲಿ ಏನಿದೆ ಎಂಬುದನ್ನು. ಅದಕ್ಕೆ ‘ಇನ್‌ಪುಟ್’ ಎಂಬ ಈವೆಂಟ್, ಅಂದರೆ ಬ್ರೌಸರ್ ಕೋಡಿಗೆ ಕೊಡುವ ಸುದ್ದಿ, ಇದೆ. ಬೆರಳೋ, ಮೈಕೋ, ಪೇಸ್ಟೋ, ಯಾವ ದಾರಿಯಲ್ಲಿ ಬಂದರೂ ಖಾನೆಯೊಳಗಿನದು ಬದಲಾದರೆ ಅದು ಹೇಳುತ್ತದೆ. ಪಟ್ಟಿ, ಟಿಕ್ ಗುರುತಿನ ಖಾನೆಗಳಿಗೆ ‘ಚೇಂಜ್’ ಕೂಡ ಜತೆಗಿರಲಿ. ಪ್ರತಿ ಖಾನೆಗೂ ಬೇರೆ ಬೇರೆ ಕಟ್ಟಬೇಡಿ. ಎರಡನ್ನೂ ಫಾರ್ಮ್‌ಗೇ ಕಟ್ಟಿದರೆ ಒಳಗಿನ ಎಲ್ಲ ಖಾನೆಗಳ ಸುದ್ದಿ ಅಲ್ಲಿಗೆ ಬರುತ್ತದೆ. ನಾಳೆ ಆರನೇ ಖಾನೆ ಸೇರಿಸಿದರೂ ಮರೆಯುವ ಮಾತಿಲ್ಲ. ಪುಟ ತೆರೆದ ಕೂಡಲೇ ಒಂದು ಸಲ ಪರೀಕ್ಷೆ ಓಡಿಸಿ, ಬ್ರೌಸರ್ ಮೊದಲೇ ಏನಾದರೂ ತುಂಬಿರಬಹುದು.

ಲಾಗಿನ್ ಪುಟದಲ್ಲಿ ಮಾತ್ರ ಇಷ್ಟು ಮಾಡಿದರೂ ಸಾಲದು. ಉಳಿಸಿಟ್ಟ ಪಾಸ್‌ವರ್ಡನ್ನು ಕ್ರೋಮ್ ಕಣ್ಣಿಗೆ ತೋರಿಸುತ್ತದೆ, ಆದರೆ ಬಳಸುವವರು ಪುಟವನ್ನು ಒಂದು ಸಲ ಮುಟ್ಟುವ ತನಕ ಕೋಡಿಗೆ ಕೊಡುವುದಿಲ್ಲ. ಪಾಸ್‌ವರ್ಡ್ ತುಂಬಿ ಕೂತಿದೆ, ಬಟನ್ ಮಾತ್ರ ಬೂದು. ಲಾಗಿನ್ ಬಟನ್ನನ್ನು ಬಂದ್ ಮಾಡುವುದೇ ಬೇಡ ಎಂದು ನಾನು ಹೇಳುವುದು ಇದಕ್ಕೇ.

ಈಗ ಆ ಕೇಳದ ಪ್ರಶ್ನೆಗೆ ಬರೋಣ. ಮೇಲಿನದೆಲ್ಲ ತಿದ್ದಿದ ಮೇಲೂ ಬಟನ್ ಬೂದು ಇರಬೇಕಾ?

ಬೂದು ಬಟನ್ ಒಂದು ಮೂಕ ಉತ್ತರ. ಇಲ್ಲ ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಒತ್ತಿದರೂ ಹೇಳುವುದಿಲ್ಲ, ಯಾಕೆಂದರೆ ಬಂದ್ ಆದ ಬಟನ್ನಿಗೆ ಕ್ಲಿಕ್ ಈವೆಂಟೇ ಬರುವುದಿಲ್ಲ. ಕೀಬೋರ್ಡಿನಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ಅದನ್ನು ಹಾರಿ ಮುಂದೆ ಹೋಗುತ್ತದೆ. ಕಣ್ಣು ಕಾಣದವರು ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಟ್ಯಾಬ್ ಒತ್ತಿದರೆ ಅಲ್ಲಿ ಬಟನ್ ಇದೆ ಎಂಬುದೇ ತಿಳಿಯುವುದಿಲ್ಲ. ಬಣ್ಣದ ಮಾತು ಬೇರೆ. ವೆಬ್ ಪುಟದ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟು ಬಣ್ಣದ ಅಂತರ ಇರಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಂದ್ ಆದ ಬಟನ್ನಿಗೆ ಆ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಎಲ್ಲರೂ ತೆಳ್ಳಗಿನ ಬೂದಿನ ಮೇಲೆ ಇನ್ನೂ ತೆಳ್ಳಗಿನ ಬೂದು ಬಳಿಯುತ್ತಾರೆ. ಬಿಸಿಲಲ್ಲಿ ಚೀಲದ ರಾಶಿಯ ಮುಂದೆ ನಿಂತು ಮೊಬೈಲ್ ನೋಡುವವರಿಗೆ ಏನು ಕಾಣುತ್ತದೆ? ಬ್ರಿಟನ್ ಸರ್ಕಾರದ ವೆಬ್ ಸೇವೆಗಳ ವಿನ್ಯಾಸ ಕೈಪಿಡಿಯಲ್ಲೂ ಇದೇ ಕಾರಣ ಕೊಟ್ಟು, ಸಾಧ್ಯವಾದಷ್ಟು ಬಂದ್ ಮಾಡಿದ ಬಟನ್ ಬಳಸಬೇಡಿ ಎಂದು ಬರೆದಿದ್ದಾರೆ.

ನನ್ನ ಅಭಿಪ್ರಾಯ ಸ್ಪಷ್ಟ ಇದೆ: ‘ಉಳಿಸಿ’ ಯಾವಾಗಲೂ ತೆರೆದೇ ಇರಲಿ. ಒತ್ತಿದಾಗ ಪರೀಕ್ಷೆ ಮಾಡಿ. ತಪ್ಪಿದ್ದರೆ ಕಳಿಸಬೇಡಿ, ಯಾವ ಖಾನೆಯಲ್ಲಿ ಏನು ಬೇಕು ಎಂದು ಆ ಖಾನೆಯ ಕೆಳಗೇ ಬರೆಯಿರಿ, ಕರ್ಸರನ್ನು ಮೊದಲ ತಪ್ಪು ಖಾನೆಗೆ ಒಯ್ದು ನಿಲ್ಲಿಸಿ. ‘ತಪ್ಪಾದ ಇನ್‌ಪುಟ್’ ಅಂತಲ್ಲ. ‘ಮೊಬೈಲ್ ನಂಬರಿನಲ್ಲಿ 9 ಅಂಕೆ ಇವೆ, ಇನ್ನೊಂದು ಬೇಕು’ ಅಂತ. ಗುಮಾಸ್ತರು ನಿಮ್ಮನ್ನು ಕರೆಯುವುದು ಯಾಕೆ? ಏನು ತಪ್ಪಾಗಿದೆ ಎಂದು ಕೇಳಲಿಕ್ಕೆ ತಾನೇ? ಆ ಉತ್ತರವನ್ನು ಪುಟವೇ ಕೊಟ್ಟರೆ ನಿಮಗೆ ಅಡುಗೆಮನೆಯಿಂದ ಓಡಿಬರುವುದು ತಪ್ಪುತ್ತದೆ.

ಇದಕ್ಕೂ ಅಡ್ಡಪರಿಣಾಮ ಇಲ್ಲದಿಲ್ಲ. ಅರ್ಧಂಬರ್ಧ ತುಂಬಿ ಒತ್ತುವವರು ಜಾಸ್ತಿ ಆಗುತ್ತಾರೆ, ಕೆಂಪು ಸಾಲು ಕಂಡರೆ ಕೆಲವರು ಗಾಬರಿಯಾಗುತ್ತಾರೆ. ಅದಕ್ಕೇ ಬರೆಯುತ್ತಿರುವಾಗಲೇ ಕೆಂಪು ಮಾಡಬೇಡಿ. ಹೆಸರಿನ ಮೊದಲ ಅಕ್ಷರ ಹೊಡೆಯುವಷ್ಟರಲ್ಲಿ ತಪ್ಪು ಅಂದರೆ ಯಾರಿಗೂ ಸಿಟ್ಟು ಬರುತ್ತದೆ. ಆ ಖಾನೆ ಬಿಟ್ಟು ಮುಂದೆ ಹೋದ ಮೇಲೆ ಅಥವಾ ಬಟನ್ ಒತ್ತಿದ ಮೇಲೆ ತೋರಿಸಿ. ಒಮ್ಮೆ ತಪ್ಪು ತೋರಿಸಿದ ಮೇಲೆ ಮಾತ್ರ, ಅವರು ತಿದ್ದುತ್ತಿದ್ದಂತೆ ಕೂಡಲೇ ಕೆಂಪು ತೆಗೆಯಿರಿ.

ಇಲ್ಲ, ನಮ್ಮ ಮಾವನವರಿಗೆ ಆ ಬೂದು-ಹಸಿರು ಇಷ್ಟ, ತೆಗೆಯಲಿಕ್ಕೆ ಬಿಡುವುದಿಲ್ಲ ಅಂತೀರಾ? ನಡುವಿನ ದಾರಿ ಇದೆ. ‘ಡಿಸೇಬಲ್ಡ್’ ಬದಲು ‘ಏರಿಯಾ-ಡಿಸೇಬಲ್ಡ್’ ಹಾಕಿ. ಅದು ಬಟನ್ನನ್ನು ನಿಜವಾಗಿ ಮುಚ್ಚುವುದಿಲ್ಲ. ಸಿದ್ಧವಿಲ್ಲ ಎಂದು ಸ್ಕ್ರೀನ್ ರೀಡರಿಗೆ ಹೇಳುತ್ತದೆ ಅಷ್ಟೇ. ಬೂದು ಬಣ್ಣ ನೀವೇ ಕೊಡಬೇಕು. ಒತ್ತಿದರೆ ಕ್ಲಿಕ್ ಬರುತ್ತದೆ, ಆಗ ‘ತಳಿ ಆರಿಸಿಲ್ಲ’ ಎಂದು ಹೇಳಬಹುದು. ಅಪಾಯ ಎಲ್ಲಿದೆ ಅಂದರೆ, ಕಳಿಸುವುದನ್ನು ತಡೆಯುವ ಹೊಣೆ ಪೂರ್ತಿ ನಿಮ್ಮ ಮೇಲೆ. ತಡೆಯುವ ಸಾಲು ಮರೆತರೆ ಬೂದು ಬಟನ್ನೇ ಖಾಲಿ ಫಾರ್ಮನ್ನು ಕಳಿಸಿಬಿಡುತ್ತದೆ. ಸಿಎಸ್‌ಎಸ್‌ನಲ್ಲಿ ಮೌಸಿಗೆ ಸಿಗದ ಹಾಗೆ ಮಾಡಿ ಸುಮ್ಮನಾಗುವವರೂ ಇದ್ದಾರೆ. ಅದು ಕೀಬೋರ್ಡನ್ನು ತಡೆಯುವುದಿಲ್ಲ, ನಂಬಬೇಡಿ.

ಹಾಗಂತ ಬಂದ್ ಮಾಡುವುದೇ ಪಾಪ ಅಂತಲ್ಲ. ಕಾರಣ ಕಣ್ಣೆದುರಿಗೇ ಇದ್ದರೆ ಸರಿ. ‘ಒಟಿಪಿ ಮತ್ತೆ ಕಳಿಸಿ’ ಎನ್ನುವ ಬಟನ್ 30 ಸೆಕೆಂಡ್ ಬಂದ್ ಇದ್ದು, ಪಕ್ಕದಲ್ಲಿ ಸೆಕೆಂಡ್ ಇಳಿಯುತ್ತಿದ್ದರೆ ಯಾರೂ ಕೇಳುವುದಿಲ್ಲ. ಪಟ್ಟಿಯಲ್ಲಿ ಒಂದನ್ನೂ ಟಿಕ್ ಮಾಡದಿರುವಾಗ ‘ಆರಿಸಿದ್ದನ್ನು ಅಳಿಸಿ’ ಬೂದು ಇದ್ದರೂ ಅರ್ಥವಾಗುತ್ತದೆ. ಕಳಿಸಿದ್ದು ಇನ್ನೂ ಸರ್ವರಿನ ದಾರಿಯಲ್ಲಿರುವಾಗ ಬಂದ್ ಮಾಡುವುದೂ ಸರಿಯೇ. ನಿಮ್ಮ ಮೂರನೆಯ ತೊಂದರೆ ಇರುವುದು ಅಲ್ಲೇ.

ಒಂದೇ ಲಾಟ್ ಎರಡು ಸಲ. ಇದರಲ್ಲಿ ನಾನೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹನ್ನೆರಡು ವರ್ಷದ ಹಿಂದೆ ಧಾರವಾಡದ ಒಂದು ಸಂಸ್ಥೆಗೆ ಪ್ರವೇಶದ ಅರ್ಜಿ ಮಾಡಿಕೊಟ್ಟೆ. ಎರಡು ಸಲ ಒತ್ತದಿರಲಿ ಎಂದು, ಒತ್ತಿದ ಕೂಡಲೇ ಬಟನ್ ಬಂದ್ ಮಾಡಿ ‘ದಯವಿಟ್ಟು ಕಾಯಿರಿ’ ಎಂದು ಬರೆದೆ. ಜಾಣತನ ಅಂದುಕೊಂಡಿದ್ದೆ. ಕೊನೆಯ ದಿನ ಸಂಜೆ ಸರ್ವರ್ ನಿಧಾನವಾಯಿತು. ಹಳ್ಳಿಯಿಂದ ಅರ್ಜಿ ಹಾಕುತ್ತಿದ್ದ ಹುಡುಗರಿಗೆ ನೆಟ್‌ವರ್ಕ್ ನಡುವೆ ಕಡಿಯಿತು. ಬಟನ್ ‘ಕಾಯಿರಿ’ ಅಂತ ನಿಂತದ್ದು ನಿಂತೇ ಇತ್ತು. ತಪ್ಪಾದರೆ ಮತ್ತೆ ತೆರೆಯುವ ಸಾಲನ್ನು ನಾನು ಬರೆದೇ ಇರಲಿಲ್ಲ. ಪಾಪ, ಅವರು ಪುಟ ರೀಫ್ರೆಶ್ ಮಾಡಿ ಮತ್ತೆ ಪೂರ್ತಿ ತುಂಬಿ ಕಳಿಸಿದರು. ಮೊದಲನೆಯದು ಆಗಲೇ ಸರ್ವರಿಗೆ ಮುಟ್ಟಿತ್ತು, ಉತ್ತರ ಮಾತ್ರ ವಾಪಸ್ ಬಂದಿರಲಿಲ್ಲ. ಒಬ್ಬೊಬ್ಬರದು ಎರಡೆರಡು ಅರ್ಜಿ. ಯಾವುದು ಇಡಬೇಕು, ಯಾವುದು ತೆಗೆಯಬೇಕು ಎಂದು ಎರಡು ರಾತ್ರಿ ಕೂತು ವಿಂಗಡಿಸಿದೆ. ಗಿರ್ಮಿಟ್ ತಿಂದುಕೊಂಡೇ ಬೆಳಗು ಮಾಡಿದ ನೆನಪು.

ಆವತ್ತಿನಿಂದ ಮಾಡುತ್ತಿರುವುದನ್ನು ನಿಮಗೂ ಹೇಳುತ್ತೇನೆ. ಬಟನ್ನನ್ನು ಕ್ಲಿಕ್‌ನಲ್ಲಿ ಬಂದ್ ಮಾಡಬೇಡಿ, ಫಾರ್ಮಿನ ‘ಸಬ್‌ಮಿಟ್’ ಈವೆಂಟಿನಲ್ಲಿ ಮಾಡಿ. ಕ್ಲಿಕ್‌ನಲ್ಲೇ ಬಂದ್ ಮಾಡಿದರೆ, ಬಂದ್ ಆದ ಬಟನ್ ಯಾಕೆ ಕಳಿಸಬೇಕು ಎಂದು ಬ್ರೌಸರ್ ಫಾರ್ಮನ್ನು ಕಳಿಸದೆ ಬಿಡುತ್ತದೆ. ಖಾನೆಗಳನ್ನೂ ಬಂದ್ ಮಾಡುವ ಆಸೆ ಇದ್ದರೆ, ಒಳಗಿರುವುದನ್ನು ಮೊದಲು ತೆಗೆದುಕೊಂಡು ಆಮೇಲೆ ಮಾಡಿ. ಬಂದ್ ಆದ ಖಾನೆಯ ಮಾಹಿತಿ ಸರ್ವರಿಗೆ ಹೋಗುವುದೇ ಇಲ್ಲ. ‘ರೀಡ್‌ಓನ್ಲಿ’ ಇಟ್ಟದ್ದು ಹೋಗುತ್ತದೆ.

ಕಳಿಸಿದ್ದು ಗೆದ್ದರೂ ಸೋತರೂ ಬಟನ್ ಮತ್ತೆ ತೆರೆಯುವ ಸಾಲು ‘ಫೈನಲಿ’ ಭಾಗದಲ್ಲಿರಲಿ. ಸರ್ವರಿಗೆ ಮಾಹಿತಿ ಕಳಿಸುವ ‘ಫೆಚ್’ ತಾನಾಗಿ ಬೇಸತ್ತು ಕಾಯುವುದನ್ನು ಬಿಡುವಂಥದ್ದಲ್ಲ. ನೀವೇ ಒಂದು ಗಡುವು ಕೊಡಬೇಕು, 15 ಸೆಕೆಂಡ್ ಸಾಕು. ಅಬಾರ್ಟ್‌ಕಂಟ್ರೋಲರ್ ಅದಕ್ಕೇ ಇದೆ. ಇನ್ನೊಂದು: ಸರ್ವರ್ 500 ಅಂತ ತಪ್ಪು ಕಳಿಸಿದರೂ ಫೆಚ್ ಅದನ್ನು ಸೋಲು ಅನ್ನುವುದಿಲ್ಲ. ಉತ್ತರ ಸರಿ ಇದೆಯೋ ಎಂದು ‘ಓಕೆ’ ನೋಡಿಯೇ ‘ಉಳಿಸಲಾಗಿದೆ’ ಎಂದು ಬರೆಯಿರಿ. ನಿಮ್ಮ ಕೋಡಿನಲ್ಲಿ ಇದು ಇಲ್ಲ.

ಇಷ್ಟು ಮಾಡಿದರೂ ಎರಡು ಸಲ ಸೇರುವುದು ಪೂರ್ತಿ ನಿಲ್ಲುವುದಿಲ್ಲ, ನನ್ನ ಅರ್ಜಿಯ ಕಥೆಯಲ್ಲಿ ಆದ ಹಾಗೆ. ಅದಕ್ಕೆ ಸರ್ವರಿನಲ್ಲಿ ಒಂದು ಉಪಾಯ ಬೇಕು. ಫಾರ್ಮ್ ತೆರೆದಾಗಲೇ ಅದಕ್ಕೊಂದು ಯಾರಿಗೂ ಇಲ್ಲದ ಗುರುತಿನ ಸಂಖ್ಯೆ ಕೊಡಿ, ಟೋಕನ್ ಕೊಟ್ಟ ಹಾಗೆ. ಲಾಟಿನ ಮಾಹಿತಿಯ ಜತೆ ಅದೂ ಹೋಗಲಿ. ಡೇಟಾಬೇಸಿನಲ್ಲಿ ಆ ಕಾಲಮ್ಮಿಗೆ ‘ಯೂನಿಕ್’ ಕಟ್ಟು ಹಾಕಿ. ಅದೇ ಟೋಕನ್ ಎರಡನೇ ಸಲ ಬಂದರೆ ಹೊಸದಾಗಿ ಸೇರಿಸದೆ, ಮೊದಲಿನ ಸಲ ಕೊಟ್ಟ ಉತ್ತರವನ್ನೇ ಕೊಡಿ. ಉಳಿಸಿದ್ದು ಖಾತ್ರಿಯಾದ ಮೇಲಷ್ಟೇ ಹೊಸ ಟೋಕನ್. ನೆಟ್‌ವರ್ಕ್ ಕಡಿದು ಮತ್ತೆ ಒತ್ತಿದಾಗ ಹಳೆಯದೇ ಹೋಗಬೇಕು, ಇದನ್ನು ತಪ್ಪಿಸಬೇಡಿ. ಆಗ ‘ಉತ್ತರ ಬರಲಿಲ್ಲ, ಮತ್ತೆ ಒತ್ತಿ, ಎರಡು ಸಲ ಸೇರುವುದಿಲ್ಲ’ ಎಂದು ಧೈರ್ಯವಾಗಿ ಬರೆಯಬಹುದು. ನನ್ನ ಹಾಗೆ ರೀಫ್ರೆಶ್‌ನಲ್ಲಿ ಸಿಕ್ಕಿಬೀಳಬಾರದು ಅಂದರೆ, ಉಳಿಯುವ ತನಕ ತುಂಬಿದ ಮಾಹಿತಿ ಮತ್ತು ಟೋಕನ್ ಎರಡನ್ನೂ ಬ್ರೌಸರಿನಲ್ಲೇ ಎತ್ತಿಟ್ಟುಕೊಳ್ಳಿ. ಪುಟ ಮತ್ತೆ ತೆರೆದಾಗ ಅವೇ ವಾಪಸ್ ಬರಲಿ.

ಇಲ್ಲಿ ಒಂದು ಎಚ್ಚರಿಕೆ. ಟೋಕನ್ ಯಾಕೆ, ಅದೇ ರೈತ, ಅದೇ ಚೀಲ, ಅದೇ ತೂಕ ಬಂದರೆ ತಡೆದರಾಯಿತಲ್ಲ ಅನಿಸಬಹುದು. ಮಾಡಬೇಡಿ. ಒಬ್ಬರೇ ರೈತರು ಒಂದೇ ದಿನ ಒಂದೇ ತಳಿಯ ಎರಡು ಲಾಟ್ ತಂದು, ತೂಕವೂ ಹೊಂದಿಬಿಟ್ಟರೆ? ನಿಮ್ಮ ಜಾಣ ಕೋಡ್ ಅವರ ಒಂದು ಲಾಟನ್ನೇ ನುಂಗಿರುತ್ತದೆ. ಎರಡು ಸಲ ಸೇರಿದ್ದನ್ನು ಅಳಿಸಬಹುದು. ಸೇರದೇ ಹೋದದ್ದು ಗೊತ್ತಾಗುವುದು ಜಗಳ ಆದಾಗಲೇ.

ಮೈದುನರ ಮಾತಿಗೆ ಉತ್ತರ ಇದರಲ್ಲೇ ಬಂತು. ಬಟನ್ ಇರುವುದು ಬಳಸುವವರ ಅನುಕೂಲಕ್ಕೆ, ಕಾವಲಿಗಲ್ಲ. ಲ್ಯಾಪ್‌ಟಾಪಿನಲ್ಲಿ ಎಫ್12 ಒತ್ತಿ, ಬಟನ್ನಿನ ‘ಡಿಸೇಬಲ್ಡ್’ ಪದ ಅಳಿಸಿದರೆ ಅದು ತೆರೆದುಕೊಳ್ಳುತ್ತದೆ. ಹತ್ತು ಸೆಕೆಂಡೂ ಬೇಡ. ಬಟನ್ ಮುಟ್ಟದೆ ನೇರವಾಗಿ ಸರ್ವರಿಗೇ ಮಾಹಿತಿ ಕಳಿಸಬಹುದು. ಅವರ ಎದುರಿಗೇ ಮಾಡಿ ತೋರಿಸಿ. ತೂಕ ಸೊನ್ನೆಗಿಂತ ಜಾಸ್ತಿ ಇದೆಯಾ, ತಳಿ ಪಟ್ಟಿಯಲ್ಲಿರುವುದೇನಾ ಎಂದು ಸರ್ವರ್ ತಾನೇ ನೋಡಲೇಬೇಕು.

ಗೆಳತಿಯ ಮಾತು ಪೂರ್ತಿ ಸುಳ್ಳಲ್ಲ. ರಿಯಾಕ್ಟ್‌ನ ‘ಆನ್‌ಚೇಂಜ್’ ನಡೆದುಕೊಳ್ಳುವುದು ಇನ್‌ಪುಟ್ ಈವೆಂಟಿನ ಹಾಗೇ. ಹಾಗಾಗಿ ಕೀಅಪ್ಪಿನ ತೊಂದರೆ ಅಲ್ಲಿ ತಾನಾಗಿ ಹೋಗುತ್ತಿತ್ತು. ಆದರೆ [ಅ-ಹ] ಅಲ್ಲೂ [ಅ-ಹ]ಯೇ. ಕಮಲವ್ವ ಅಲ್ಲೂ ಹೊರಗೇ ನಿಲ್ಲುತ್ತಿದ್ದಳು, ಲಾಟ್ ಅಲ್ಲೂ ಎರಡು ಸಲ ಸೇರುತ್ತಿತ್ತು. ಐದು ಖಾನೆಯ ಫಾರ್ಮಿಗೆ ಅಷ್ಟು ದೊಡ್ಡ ಗಾಡಿ ಹೂಡುವ ಅಗತ್ಯ ನನಗೆ ಕಾಣುವುದಿಲ್ಲ. ಕಲಿಯುವ ಆಸೆ ಇದ್ದರೆ ಕಲಿಯಿರಿ, ಅದು ಬೇರೆ ಮಾತು.

ನಿಮ್ಮ ಕೋಡಿನಲ್ಲಿ ಕಂಡ ಇನ್ನಷ್ಟು ಚಿಲ್ಲರೆ. ಒಂದು ಕಡೆ ಬಟನ್ ತೆರೆಯಲು ‘ಡಿಸೇಬಲ್ಡ್’ ಗುಣಕ್ಕೆ ‘ಫಾಲ್ಸ್’ ಎಂಬ ಪದವನ್ನು ಸೆಟ್‌ಆಟ್ರಿಬ್ಯೂಟ್‌ನಿಂದ ಕೊಟ್ಟಿದ್ದೀರಿ. ಎಚ್‌ಟಿಎಂಎಲ್‌ಗೆ ಆ ಗುಣ ಇದೆಯೋ ಇಲ್ಲವೋ ಎಂಬುದಷ್ಟೇ ಲೆಕ್ಕ. ಒಳಗೆ ಫಾಲ್ಸ್ ಎಂದಿದ್ದರೂ ಬಟನ್ ಬಂದ್ ಆಗಿಯೇ ಇರುತ್ತದೆ. ಗುಣವನ್ನೇ ತೆಗೆಯಿರಿ, ಇಲ್ಲವೇ ಜಾವಾಸ್ಕ್ರಿಪ್ಟಿನಲ್ಲಿ ಬಟನ್ನಿನ ‘ಡಿಸೇಬಲ್ಡ್’ ಪ್ರಾಪರ್ಟಿಗೆ ನೇರವಾಗಿ ಫಾಲ್ಸ್ ಕೊಡಿ. ‘ಖಾಲಿ ಮಾಡಿ’ ಬಟನ್ನಿಗೆ ಟೈಪ್ ಕೊಟ್ಟಿಲ್ಲ. ಫಾರ್ಮಿನೊಳಗೆ ಟೈಪ್ ಇಲ್ಲದ ಬಟನ್ ಅಂದರೆ ಸಬ್‌ಮಿಟ್ ಬಟನ್ ಅಂತಲೇ ಅರ್ಥ. ಅದು ‘ಉಳಿಸಿ’ಗಿಂತ ಮೊದಲಿದೆ ಬೇರೆ. ಲ್ಯಾಪ್‌ಟಾಪಿನಲ್ಲಿ ಯಾರಾದರೂ ಎಂಟರ್ ಒತ್ತಿದರೆ ಬ್ರೌಸರ್ ಮೊದಲ ಸಬ್‌ಮಿಟ್ ಬಟನ್ನನ್ನೇ ಒತ್ತುತ್ತದೆ, ತುಂಬಿದ್ದೆಲ್ಲ ಖಾಲಿ! ಅದಕ್ಕೆ ಟೈಪ್ ‘ಬಟನ್’ ಎಂದು ಹಾಕಿ. ಫೈರ್‌ಫಾಕ್ಸ್‌ಗೆ ಇನ್ನೊಂದು ಚಟ ಇದೆ, ಪುಟ ರೀಫ್ರೆಶ್ ಮಾಡಿದರೂ ಬಟನ್ ಬಂದ್ ಇದ್ದದ್ದನ್ನು ನೆನಪಿಟ್ಟುಕೊಂಡಿರುತ್ತದೆ. ಬಟನ್ನಿಗೆ ‘ಆಟೋಕಂಪ್ಲೀಟ್ ಆಫ್’ ಕೊಟ್ಟರೆ ಮರೆಯುತ್ತದೆ. ಬ್ಯಾಕ್ ಒತ್ತಿ ವಾಪಸ್ ಬಂದಾಗಲೂ ಹಳೆಯ ಬೂದು ಹಾಗೇ ಉಳಿದಿರಬಹುದು, ‘ಪೇಜ್‌ಶೋ’ ಈವೆಂಟಿನಲ್ಲಿ ಇನ್ನೊಮ್ಮೆ ಪರೀಕ್ಷೆ ಓಡಿಸಿ.

ಎಲ್ಲವನ್ನೂ ಒಂದೇ ದಿನ ಮುಟ್ಟಬೇಡಿ, ಅಂಗಡಿ ನಡೆಯುತ್ತಿದೆ. ಇವತ್ತು ರಾತ್ರಿ [ಅ-ಹ] ಸಾಲು ತೆಗೆದು, ಕೀಅಪ್ ಬದಲು ಇನ್‌ಪುಟ್ ಹಾಕಿ. ಹತ್ತು ನಿಮಿಷದ ಕೆಲಸ, ಅರ್ಧ ಕರೆ ನಿಲ್ಲುತ್ತವೆ. ಟೋಕನ್ನಿನ ಕೆಲಸ ಭಾನುವಾರಕ್ಕೆ ಇಟ್ಟುಕೊಳ್ಳಿ. ಬೂದು ತೆಗೆದು ತಪ್ಪನ್ನು ಬರೆದು ತೋರಿಸುವ ಕೆಲಸ ಅದಾದ ಮೇಲೆ. ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಬೇಡಿ, ಗುಮಾಸ್ತರ ಮೊಬೈಲಿನಲ್ಲೇ ಮಾಡಿ. ಹೆಸರನ್ನು ಒಂದು ಸಲ ಮೈಕಿನಲ್ಲಿ ಹೇಳಿಸಿ, ಒಂದು ಸಲ ಪೇಸ್ಟ್ ಮಾಡಿಸಿ. ‘ಉಳಿಸಿ’ ಒತ್ತಿದ ಮರುಕ್ಷಣ ಮೊಬೈಲ್ ಡೇಟಾ ಆಫ್ ಮಾಡಿ, ಬಟನ್ ಏನು ಮಾಡುತ್ತದೆ ನೋಡಿ. ಆಮೇಲೆ ಡೇಟಾ ಆನ್ ಮಾಡಿ ಮತ್ತೆ ಒತ್ತಿಸಿ, ದಾಖಲೆಯಲ್ಲಿ ಲಾಟ್ ಒಂದೇ ಇದೆಯಾ ಎಂದು ಎಣಿಸಿ. ಕಮಲ ಅಂತ ಮೊಟಕಾಗಿ ಸೇರಿರುವ ಹಳೆಯ ಹೆಸರುಗಳನ್ನು ತಿದ್ದುವಾಗ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಕಮಲ ಯಾವ ಊರಿನ ಕಮಲವ್ವ ಅಂತ ಅವರಿಗಷ್ಟೇ ಗೊತ್ತಿರುತ್ತದೆ.